ಚಿಕ್ಕುವಿನ ಅಂಟು

ಅಗಿದ ಅಂಟು ಬಾಯಿಯ ಮಾತನ್ನು ಹಿಡಿದಿಡುತ್ತದೆ ಎಂಬುದು ಈಗ ಮಕ್ಕಳಿಗೂ ಗೊತ್ತು. ಧಾರವಾಡದ ಅಂಟು ಕೇಳಿಸುವ ಅಂಗಡಿಯಲ್ಲಿ ಮುದುಕಿ ನೀಲವ್ವ ಸೆರಗಿನ ಗಂಟು ಬಿಚ್ಚಿ, ಒಣಗಿದ ಉಂಡೆಯೊಂದನ್ನು ಮೇಜಿನ ಮೇಲಿಟ್ಟಳು.

"ಅಂಗಡಿ ಚ್ಯೂಯಿಂಗ್ ಗಮ್ ಆದ್ರ ಬ್ಯಾಡ್ರಿ ಅಮ್ಮಾರ," ಎಂದಳು ಅಂಗಡಿಯ ರೆಹಾನಾ. "ಅದು ಬರೇ ರಬ್ಬರು. ಗಿಡದ್ದಷ್ಟ ಮಾತಾಡ್ತೈತಿ. ಸಾವಿರಾರು ವರ್ಷದ ಹಿಂದ ಥಂಡಿ ದೇಶದ ಬರ್ಚ್ ಗಿಡದ ಅಂಟು ಅಗದಾಕಿನೂ ಈಗ ಮಾತಾಡ್ಯಾಳ. ಮೆಕ್ಸಿಕೋದಾಗ ಚಿಕ್ಕು ಗಿಡದ ಹಾಲಿನ ಅಂಟು ಅಗದವ್ರೂ ಮಾತಾಡ್ಯಾರ."

"ಇದೂ ಚಿಕ್ಕುದ್ದ. ಸಣ್ಣಾಂವಿದ್ದಾಗ ಜ್ವರದಾಗ ತೀರಿಹೋದ ನನ್ನ ತಮ್ಮ ಅಗದು ಬಾಗಲ ಹಿಂದ ಹಚ್ಚಿದ್ದ. ಅವನ ದನಿ ಮರತೇನವ್ವಾ."

ರೆಹಾನಾ ಮಸೂರದಲ್ಲಿ ನೋಡಿ ಹುಬ್ಬುಗಂಟಿಕ್ಕಿದಳು. "ಇದರಾಗ ಇಬ್ಬರ ಎಂಜಲ ಐತ್ರಿ. ಒಮ್ಮೆ ಕಾಸಿ ಕೇಳಿದ್ರ ಮುಗೀತು, ಮತ್ತ ಮಾತಾಡಂಗಿಲ್ಲ. ಯಾರ ದನಿ ಬರತೈತೋ ಹೇಳಾಕಾಗಂಗಿಲ್ಲ."

ನೀಲವ್ವನಿಗೆ ನಾಚಿಕೆಯಾಯಿತು. "ಪೇರಲ ಆದ್ರ ಅರಿವಿ ಮುಚ್ಚಿ ಕಡದು ಕಾಗಿ ಎಂಜಲ ಮಾಡತಿದ್ವಿ. ಅಂಟು ಹೆಂಗ ಕಡಿಯೂದು? ನಾನೂ ಅವನೂ ಪಾಳಿ ಮ್ಯಾಲ ಅಗೀತಿದ್ವಿ. ಕಾಸು, ಬಂದದ್ದು ಬರಲಿ."

ಉಂಡೆ ಯಂತ್ರದಲ್ಲಿ ಮೆತ್ತಗಾಯಿತು. ಮೊದಲು ಬಂದದ್ದು ಹುಡುಗಿಯ ದನಿ: "ತಡಿಯೋ, ಇನ್ನೊಂದೀಟು!" ನೀಲವ್ವನ ಮುಖ ಬಾಡಿತು, ಅದು ಅವಳದೇ ಬಾಲ್ಯದ ದನಿ.

ಆಮೇಲೆ ಚಪ್ಪರಿಸುವ ಸದ್ದು, ಅದರ ಹಿಂದೆಯೇ ಒಂದು ಒರಟು ಪುಟ್ಟ ದನಿ: "ಅಕ್ಕಾ, ನನ್ನ ಪಾಳಿ ಬಂತು, ಲಗೂ ಕೊಡು!"

"ತಗೋ," ಎಂದು ನೀಲವ್ವ ಯಂತ್ರದ ಕಡೆ ಕೈ ಚಾಚಿದಳು.