ಪುರಸಭೆಯ ಸೈರನ್

ಪುರಸಭೆಯ ಸೈರನ್ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಕೂಗುತ್ತಿತ್ತು. ಊರಿಗೆ ಅಪಾಯ ಬಂದರೂ ಕೂಗಬೇಕಾದದ್ದು ಅದೇ.

"ಕೆರಿ ಒಡೆದ್ರ ಇದು ಯಾರ ಕಿವಿಗೂ ಬೀಳಂಗಿಲ್ಲ. ಜೋರು ಮಾಡು," ಎಂದರು ಮುಖ್ಯಾಧಿಕಾರಿಗಳು.

"ಮಾಡ್ತೀನ್ರಿ. ಆದ್ರ ಕೇಳಿದ ಮಂದಿ ಓಡ್ತಾರೇನ್ರಿ ಸಾಹೇಬ್ರ?" ಎಂದ ಫಿಟ್ಟರ್ ಫಕ್ಕೀರಪ್ಪ.

"ಅದು ನಿನ್ನ ಕೆಲಸ ಅಲ್ಲ."

ಫಕ್ಕೀರಪ್ಪ ದೊಡ್ಡ ಮೋಟರ್ ಕೂರಿಸಿ, ತಗಡಿನ ಕಹಳೆ ಜೋಡಿಸಿದ. ಸೈರನ್ ಈಗ ಸುತ್ತಲಿನ ಮೂರು ಊರಿಗೆ ಕೇಳುತ್ತಿತ್ತು. ಅವನಿಗೆ ಒಳಗೊಳಗೇ ಹೆಮ್ಮೆ.

ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಕೆರೆಯ ಏರಿ ಬಿರುಕು ಬಿಟ್ಟಿತು. ಫಕ್ಕೀರಪ್ಪ ಓಡಿಬಂದು ಸೈರನ್ನಿನ ಗುಂಡಿ ಒತ್ತಿದ. ಕಚೇರಿಯ ಕಿಟಕಿಗಳೆಲ್ಲ ಗಡಗಡ ನಡುಗಿದವು. ಸುದ್ದಿ ಮುಟ್ಟಿಸಲು ಸಾಹೇಬರ ಕೋಣೆಗೆ ನುಗ್ಗಿದ.

ಮುಖ್ಯಾಧಿಕಾರಿಗಳು ಕುರ್ಚಿ ಹತ್ತಿ, ಗೋಡೆ ಗಡಿಯಾರದ ಮುಳ್ಳುಗಳನ್ನು ಹನ್ನೆರಡಕ್ಕೆ ತಿರುಗಿಸುತ್ತಿದ್ದರು.

"ಒಂದೂವರಿ ತಾಸು ಹಿಂದ ಬಿದ್ದೈತಿ ನೋಡು. ನನ್ನ ಊಟದ ಡಬ್ಬಿ ಬಿಚ್ಚು."