ಮೂರು ಲೀಟರ್ ನೀರು

ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆದ ಮೂರು ವರ್ಷ, ಇಪ್ಪತ್ತೇಳರ ಮಹಾಂತೇಶನಿಗೆ ನೀರೆಂದರೆ ದಿನಕ್ಕೆ ನಾಲ್ಕೇ ಪುಟ್ಟ ಲೋಟ. ಅವ್ವ ಅಳೆದು ಕೊಡುತ್ತಿದ್ದಳು. ಬಾಯಾರಿಕೆಯೂ ಅಭ್ಯಾಸವಾಗಿ ಹೋಗಿತ್ತು.

ಕೊನೆಗೆ ಅವ್ವ ತನ್ನದೇ ಒಂದು ಕಿಡ್ನಿ ಕೊಟ್ಟಳು. ಪುಟ್ಟ ಲೋಟ ಅಟ್ಟ ಸೇರಿತು. ಅಂದಿನಿಂದ ತಂಬಿಗೆ ಹಿಡಿದು ಅವನ ಬೆನ್ನು ಹತ್ತಿದ್ದಳು: "ಕುಡಿಯಪಾ, ಮೂರು ಲೀಟರ್ ಆಗಬೇಕು."

ಈ ಬೆಳಿಗ್ಗೆ ಆಸ್ಪತ್ರೆಯ ಫೋನನ್ನು ಅವ್ವನೇ ತೆಗೆದುಕೊಂಡಳು. "ಹೂಂರಿ, ಹೂಂರಿ" ಎಂದು ಕೇಳಿ ಇಟ್ಟಳು.

"ರಕ್ತದ ರಿಪೋರ್ಟ್ ಏನ್ ಬಂದೈತಂತ ಬೇ?"

"ಸಂಜೀಕ ಬರ್ರಿ ಅಂದ್ರು. ಸುಮ್ನ ಒಮ್ಮೆ ನೋಡಾಕಂತ."

"ಹಂಗಾದ್ರ ಎಲ್ಲಾ ಚಲೋ ಐತಿ ಬಿಡು. ನೀರು ಕೊಡವ್ವ."

ಅವ್ವ ತುಂಬಿದ ತಂಬಿಗೆಯನ್ನು ಅಲ್ಲೇ ಬಿಟ್ಟು, ಸ್ಟೂಲ್ ಹತ್ತಿ, ಅಟ್ಟದ ಮೇಲಿದ್ದ ಪುಟ್ಟ ಲೋಟ ಇಳಿಸಿ ತೊಳೆಯತೊಡಗಿದಳು.