ಚಾವಣಿಯಿಲ್ಲದ ಕಡೆ

ಮೂರು ತಲೆಮಾರಿನಿಂದ ಚಿನ್ನದ ಗಣಿಯೊಳಗೇ ಬಾಳುತ್ತಿದ್ದ ಆ ಊರಿನಲ್ಲಿ ಸಿನಿಮಾ ಮುಗಿದಾಗ ಅರ್ಧ ಜನ ಚಪ್ಪಾಳೆ ತಟ್ಟಿದರು, ಉಳಿದವರು ಸುಮ್ಮನೆ ಕುಳಿತರು. ಒಂದು ಸಂಸಾರ ಮತ್ತೆ ನೆಲದ ಮೇಲೆ ಹೋಗಿ ಸುಖವಾಗಿರುವ ಕತೆ ಅದು.

“ಬರೀ ಸಕ್ಕರೆ ಪಾಕ. ಮೇಲಿನ ಬದುಕು ಅಷ್ಟು ಸಲೀಸೇನಮ್ಮಾ?” ಎಂದು ಮುದುಕ ಪಿಳ್ಳಪ್ಪ ಗೊಣಗಿದ.

ಪಕ್ಕದಲ್ಲಿದ್ದ ಮುನಿರತ್ನಮ್ಮ ಮಗಳ ಕೈ ಹಿಡಿದು ಮನೆಯತ್ತ ಹೊರಟಳು. ಒಂದೊಂದೇ ಮನೆಯವರು ಮೇಲೇರಿ ನೆಲೆಸುತ್ತಿದ್ದರು; ನಾಳೆ ಸರದಿ ಅವಳ ಮನೆಯದು. ಚಾವಣಿಯಿಲ್ಲದ ಕಡೆ ಆಕಾಶದೊಳಕ್ಕೆ ಬಿದ್ದುಹೋಗುತ್ತೇನೆಂದು ಹೆದರಿ ಮಗಳು ಇಂಚರ ಬರಲೊಲ್ಲೆನೆಂದು ವಾರದಿಂದ ಹಟ ಹಿಡಿದಿದ್ದಳು. ಅವಳನ್ನು ಬಿಟ್ಟು ತಾಯಿ ಹೋಗುವಂತಿರಲಿಲ್ಲ.

ಮನೆ ಹತ್ತಿರವಾದಾಗ ಮಗಳು ಬಾಯಿ ಬಿಟ್ಟಳು. “ಅಮ್ಮಾ, ಸಿನಿಮಾದಲ್ಲಿ ಆ ಹುಡುಗಿ ಬಯಲಲ್ಲಿ ಓಡ್ವಾಗ ಎಡವಿದ್ಳಲ್ಲಾ?”

“ಹೂಂ.”

“ಕೆಳಕ್ಕೇ ಬಿದ್ಳು. ಮಂಡೀನೂ ತರಚ್ತು.”

ಮುನಿರತ್ನಮ್ಮನಿಗೆ ವಾರದ ನಂತರ ಸರಾಗವಾಗಿ ಉಸಿರಾಡುವಂತಾಯಿತು. ಮನೆಗೆ ಹೋದವಳೇ ಕಟ್ಟಿಟ್ಟಿದ್ದ ಗಂಟು ಬಿಚ್ಚಿ, ಗಾಯಕ್ಕೆ ಹಚ್ಚಲೆಂದು ಒಂದಿಷ್ಟು ಅರಿಶಿನ ಸೇರಿಸಿದಳು.